ಮೂರನೇ ನೀರು

ತಾರೀಖು ಹದಿನಾಲ್ಕು
ಭಾನುವಾರ, ಮಧ್ಯಾಹ್ನ ಊಟವಾದ ಮೇಲೆ

ಪ್ರೀತಿಯ ಅಮ್ಮಾ,

ಫೋನು ಇರುವಾಗ ಇವಳೇಕೆ ಕಾಗದ ಬರೆದಳು ಎಂದು ನೀನು ಈ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀಯ. ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ, ನಿನ್ನ ಅಳಿಯನೂ ಚೆನ್ನಾಗಿದ್ದಾರೆ, ಯಾರದೂ ಕೈಕಾಲು ಮುರಿದಿಲ್ಲ. ಫೋನಿನಲ್ಲಿ ಹೇಳಬಾರದಂಥದ್ದು ಏನೂ ಇಲ್ಲ. ಆದರೆ ಫೋನಿನಲ್ಲಿ ಹೇಳಿದರೆ ನೀನು ಕೇಳುವುದಿಲ್ಲ. ನಾನು ಅರ್ಧ ಮಾತಾಡುವಷ್ಟರಲ್ಲಿ ಉಳಿದರ್ಧವನ್ನು ನೀನೇ ಆಡಿ, ನನ್ನ ಪರವಾಗಿ ನೀನೇ ಸಿಟ್ಟು ಮಾಡಿಕೊಂಡು, ನೀನೇ ಇಟ್ಟುಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸಲು ಬರುವುದಿಲ್ಲ. ಬೇಕಾದರೆ ಹರಿದು ಹಾಕು, ಆದರೆ ಹರಿಯುವ ಮುಂಚೆ ಪೂರ್ತಿ ಓದಿಯೇ ಹರಿಯುತ್ತೀಯ ಎಂದು ನನಗೆ ಗೊತ್ತು. ಪಕ್ಕದ ಮನೆಯವರ ಕಾಗದವನ್ನೇ ಓದದೆ ಬಿಟ್ಟವಳಲ್ಲ ನೀನು.

ಮೊದಲು ದೊಡ್ಡ ಸುದ್ದಿ. ನಾವು ಬೇರೆ ಮನೆ ಮಾಡುತ್ತಿಲ್ಲ. ಇವರು ಹೋಗಿ ಬೀಗದ ಕೈ ವಾಪಸ್ಸು ಕೊಟ್ಟು ಬಂದರು. ಮನೆ ಮಾಲೀಕರು ಮುಖ ಗಂಟು ಹಾಕಿಕೊಂಡರಂತೆ. ಲಿಫ್ಟ್ ಮೆಕ್ಯಾನಿಕ್ ಅಳಿಯ ಇರುವುದರ ಉಪಯೋಗ ನೋಡು, ಆ ಕಟ್ಟಡದ ಲಿಫ್ಟು ಎರಡನೇ ಮಹಡಿಯಲ್ಲಿ ಸಿಕ್ಕಿಕೊಂಡು ಎಷ್ಟೋ ಕಾಲವಾಗಿತ್ತು, ಅದನ್ನು ಇಳಿಸಿ ಕೊಟ್ಟು ಅವರನ್ನು ಸಮಾಧಾನ ಮಾಡಿದರು. ನೀನು ನಮ್ಮ ಹೊಸ ಮನೆಗೆಂದು ಗಂಟು ಕಟ್ಟಿಟ್ಟ ಪಾತ್ರೆಗಳನ್ನು ಬಿಚ್ಚಿ ಮತ್ತೆ ಅಟ್ಟಕ್ಕೆ ಹಾಕು. ನೀನೂ ಮುಂದಿನ ವಾರ ನಮ್ಮಲ್ಲಿಗೆ ಜಗಳಕ್ಕೆ ಬರಬೇಕಾಗಿಲ್ಲ. ಬರಬೇಡ ಎಂದಲ್ಲ, ಜಗಳ ಬಿಟ್ಟು ಬಾ.

ಈಗ ನೀನು ಕೇಳುತ್ತೀಯ, ಹಾಗಾದರೆ ಸಾಬೂನಿನ ಕಥೆ ಏನಾಯಿತು ಎಂದು. ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ. ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಯಾಕೆಂದರೆ ನಮಗೆ ಗೊತ್ತಿತ್ತು ಅಂದುಕೊಂಡದ್ದೇ ತಪ್ಪಾಗಿತ್ತು.

ಮದುವೆಯಾಗಿ ಅತ್ತೆಯ ಮನೆಗೆ ಬಂದ ಮೊದಲ ದಿನವೇ ನನ್ನ ಬಾಯಿಗೆ ಸಾಬೂನು ಸಿಕ್ಕಿತು. ಅತ್ತೆ ತರಕಾರಿ ಸೂಪು ಮಾಡಿದ್ದರು. ಹಬೆಯಾಡುತ್ತಿತ್ತು, ಮೇಲೆ ಹಸಿರಾಗಿ ಕೊತ್ತಂಬರಿ ಸೊಪ್ಪು ಉದುರಿಸಿದ್ದರು. ಒಂದು ಚಮಚ ಬಾಯಿಗಿಟ್ಟರೆ, ಬಟ್ಟೆ ಅಲುಬಿದ ನೀರು ಕುಡಿದ ಹಾಗಾಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಅತ್ತೆ, ಇವರು, ಹೊಸ ಸೊಸೆಯನ್ನು ನೋಡಲು ಬಂದ ಮಹಡಿ ಮೇಲಿನ ಟೀಚರಮ್ಮ, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನುಂಗಿದೆ. ಚೆನ್ನಾಗಿದೆ ಅಂದೆ. ಅತ್ತೆ ಇನ್ನೊಂದು ಸೌಟು ಬಡಿಸಿಬಿಟ್ಟರು.

ಪಾತ್ರೆ ಸರಿಯಾಗಿ ತೊಳೆದಿಲ್ಲ. ಬೇರೆ ಯಾವ ಯೋಚನೆಯೂ ನನ್ನ ತಲೆಗೆ ಬರಲೇ ಇಲ್ಲ. ಯಾಕೆ ಬರಲಿಲ್ಲ ಎನ್ನುವುದನ್ನು ಮುಂದೆ ಹೇಳುತ್ತೇನೆ, ಸ್ವಲ್ಪ ತಾಳು. ಲಾಂಡ್ರಿಯಲ್ಲಿ ಕೆಲಸ ಮಾಡುವ ನನಗೆ, ಸಾಬೂನು ಉಳಿದ ಬಟ್ಟೆ ಯಾವುದು, ಹೋದ ಬಟ್ಟೆ ಯಾವುದು ಎಂದು ಮೂಗಿನಿಂದಲೇ ಹೇಳಬಲ್ಲೆ ಎಂಬ ಜಂಬ ಬೇರೆ. ಆಸ್ಪತ್ರೆಯ ಹಾಸಿಗೆ ಹೊದಿಕೆಗಳ ಮೂಟೆ ಬಿಚ್ಚಿದ ಕೂಡಲೇ ಹೇಳಿಬಿಡುತ್ತೇನೆ, ಇನ್ನೊಂದು ನೀರು ಬೇಕು ಎಂದು. ಅಂಥ ಮೂಗಿನವಳಿಗೆ ಒಂದು ಸೂಪಿನ ಪಾತ್ರೆ ಗೊತ್ತಾಗುವುದಿಲ್ಲವೇ?

ಅಲ್ಲಿಂದ ಶುರುವಾಯಿತು ನನ್ನ ಕಳ್ಳ ತೊಳೆತ. ಅತ್ತೆ ತೊಳೆದು ಬೋರಲು ಹಾಕಿದ ಪಾತ್ರೆಗಳನ್ನು, ಅವರು ಅತ್ತ ಹೋದ ಕೂಡಲೇ ಮತ್ತೆ ಸಿಂಕಿಗೆ ಹಾಕಿ ಎರಡು ನೀರು, ಮೂರು ನೀರು ಹಾಕುತ್ತಿದ್ದೆ. ಕೆಲವು ದಿನ ಊಟದಲ್ಲಿ ಸಾಬೂನು ಇರುತ್ತಿರಲಿಲ್ಲ. ನೋಡಿದೆಯಾ, ನನ್ನ ಕೈ ಬಿದ್ದದ್ದಕ್ಕೆ ಸರಿಹೋಯಿತು ಎಂದು ಬೀಗುತ್ತಿದ್ದೆ. ಮಾರನೇ ದಿನ ಮತ್ತೆ ಸಾಬೂನು. ಆಗ, ಅತ್ತೆ ಬೇಕೆಂದೇ ಮಾಡುತ್ತಿದ್ದಾರೆ ಎಂದು ಹಲ್ಲು ಕಡಿಯುತ್ತಿದ್ದೆ. ನಿನ್ನ ಅಳಿಯನೋ, ಸಾಬೂನು ಇದ್ದರೂ ತಿನ್ನುತ್ತಿದ್ದರು, ಇಲ್ಲದಿದ್ದರೂ ತಿನ್ನುತ್ತಿದ್ದರು, ತಟ್ಟೆ ಒರೆಸಿ ತಿನ್ನುತ್ತಿದ್ದರು. ಗ್ರೀಸು ಮೆತ್ತಿಕೊಂಡು ಮೆತ್ತಿಕೊಂಡು ಈ ಮನುಷ್ಯನ ನಾಲಿಗೆಯೇ ಸತ್ತು ಹೋಗಿದೆ ಎಂದು ತೀರ್ಮಾನಿಸಿಬಿಟ್ಟೆ.

ಅತ್ತೆಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಅವರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆಯುಷ್ಯವೆಲ್ಲ ಅಡುಗೆ ಮಾಡಿದವರು. ಹೆಬ್ಬೆರಳಿಂದ ಉಜ್ಜಿದರೆ ಕೀಚ್ ಎನ್ನಬೇಕು, ಆಗಲೇ ಪಾತ್ರೆ ತೊಳೆದ ಹಾಗೆ, ಅದು ಅವರ ಲೆಕ್ಕ. ಒಂದು ದಿನ ನನ್ನ ಹಿಂದೆ ಬಂದು ನಿಂತು, “ಏನೇ, ನಾನು ತೊಳೆದಿದ್ದು ನಿನಗೆ ತೊಳೆದ ಹಾಗಲ್ವಾ? ಅಷ್ಟೊಂದು ಜನ ನನ್ನ ಕೈಯಲ್ಲಿ ಉಂಡ್ರು, ಒಬ್ಬರೂ ಹೀಗೆ ಅವಮಾನ ಮಾಡ್ಲಿಲ್ಲ” ಅಂದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ನಿನ್ನ ಮಗಳಲ್ಲವೇ, ಅವರೆಲ್ಲ ಸೋಪು ತಿಂದೇ ಬದುಕಿದರು ಅಂತ ಕಾಣುತ್ತೆ ಎಂದುಬಿಟ್ಟೆ. ಆಮೇಲೆ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಏನು ಹೇಳುವುದಿದ್ದರೂ ಬಾಲ್ಕನಿಯ ಪುದೀನದ ಕುಂಡಕ್ಕೆ ಹೇಳುತ್ತಿದ್ದರು, ನನಗೆ ಕೇಳುವ ಹಾಗೆ.

ಅವತ್ತು ನಾನು ಅಳುತ್ತಾ ನಿನಗೆ ಫೋನು ಮಾಡಿದ್ದೆ, ನೆನಪಿದೆಯಾ? ನೀನು, “ನನಗೆ ಗೊತ್ತಿತ್ತು ಕಣೇ, ಥೇಟ್ ನಿನ್ನ ಅಜ್ಜಿ ಮನೆ ಕಥೆ, ಒಂದು ತುತ್ತೂ ತಿನ್ನಬೇಡ, ಬೇರೆ ಮನೆ ನೋಡ್ಕೊಳ್ಳಿ” ಅಂದೆ. ಉರಿಯುವ ಬೆಂಕಿಗೆ ತುಪ್ಪ ಸುರಿದೆ ಎಂದು ನಿನ್ನ ಮೇಲೆ ಹೊರಿಸುತ್ತಿಲ್ಲ. ಆಗ ನನಗೆ ಆ ತುಪ್ಪವೇ ಬೇಕಾಗಿತ್ತು. ಇವರ ಬೆನ್ನು ಹತ್ತಿ, ನೀನು ಇಟ್ಟ ಅಡ್ಡಹೆಸರಿಗೆ ತಕ್ಕ ಹಾಗೆ ಕುಯ್ಯೋ ಮರ್ರೋ ಎಂದು ಪಿಟೀಲು ಕುಯ್ದು, ಮನೆ ಹುಡುಕಿಸಿದೆ. ಬೀಗದ ಕೈ ಬಂದ ದಿನ ಇವರು ಅದನ್ನು ಮೇಜಿನ ಮೇಲಿಟ್ಟು ಹೋಗಿ ಮಲಗಿದರು. ಅತ್ತೆ ಆ ಬೀಗದ ಕೈಯನ್ನು ನೋಡಿದರು, ಎತ್ತಿ ಒರೆಸಿ, ಮತ್ತೆ ಅಲ್ಲೇ ಇಟ್ಟರು. ಅಮ್ಮಾ, ಗೆದ್ದೆ ಎಂದು ಕುಣಿಯಬೇಕಿತ್ತು ನಾನು. ಅನ್ನವೇ ಸೇರಲಿಲ್ಲ.

ಅತ್ತೆಯ ಬಾಲ್ಕನಿಯ ಬಗ್ಗೆ ನಿನಗೆ ಹೇಳಿಯೇ ಇಲ್ಲ. ಜಗಳದಲ್ಲಿ ಒಳ್ಳೆಯದು ಹೇಳಲು ಪುರುಸೊತ್ತೆಲ್ಲಿ? ಇಷ್ಟೇ ಇಷ್ಟು ಜಾಗ. ಅದರಲ್ಲಿ ಹಳೆಯ ಎಣ್ಣೆ ಡಬ್ಬಗಳು, ಒಡೆದ ಬಕೆಟ್ಟು, ತಳ ತೂತಾದ ಕ್ಯಾಂಟೀನಿನ ಹಂಡೆ. ಹಂಡೆಯಲ್ಲಿ ಕೊತ್ತಂಬರಿ, ಡಬ್ಬಗಳಲ್ಲಿ ಸಬ್ಬಸಿಗೆ ಮತ್ತು ಈರುಳ್ಳಿ ಸೊಪ್ಪು. ಪುದೀನಕ್ಕೆ ಮಾತ್ರ ಬೇರೆಯೇ ಬಕೆಟ್ಟು, ಯಾಕೆಂದರೆ ಅದನ್ನು ಯಾರ ಜೊತೆ ಬಿಟ್ಟರೂ ಬೇರು ಚಾಚಿ ಅವರ ಜಾಗವನ್ನೂ ನುಂಗುತ್ತದೆ. ನನ್ನ ಜೊತೆ ಮಾತು ಬಿಟ್ಟ ಮೇಲೆ ಅತ್ತೆ ಪುದೀನಕ್ಕೆ, “ನೀನು ಒಬ್ಬಳೇ ಇರೋದೇ ವಾಸಿ ಬಿಡಮ್ಮ” ಎನ್ನುತ್ತಿದ್ದರು. ಅದು ನನಗೇ ಹೇಳಿದ್ದು ಎಂದು ಗೊತ್ತಾಗದಷ್ಟು ದಡ್ಡಿಯಲ್ಲ ನಾನು.

ಒಂದು ಬೆಳಿಗ್ಗೆ ಬಟ್ಟೆ ಹರವಲು ಹೋದವಳು ಸುಮ್ಮನೆ ಆ ಹಂಡೆಯ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡೆ. ಸಾಬೂನು! ಪಾತ್ರೆಯಿಲ್ಲ, ತಟ್ಟೆಯಿಲ್ಲ, ಗಿಡದಲ್ಲೇ ಸಾಬೂನು. ಬುದ್ಧಿ ಇದ್ದವರು ಅಲ್ಲಿಗೇ ನಿಂತು ಯೋಚನೆ ಮಾಡುತ್ತಿದ್ದರು. ನಾನೇನು ಮಾಡಿದೆ ಹೇಳು? ಅತ್ತೆ ದಿನವೂ ಒಂದು ಬೋಗುಣಿ ನೀರು ತಂದು ಗಿಡಗಳಿಗೆ ಸುರಿಯುವುದನ್ನು ನೋಡಿದ್ದೆ. ಅದು ಪಾತ್ರೆ ತೊಳೆದ ನೀರು, ಅದನ್ನೇ ಕುಡಿದು ಗಿಡಗಳೂ ಸಾಬೂನಾಗಿವೆ ಎಂದು ಪತ್ತೆ ಹಚ್ಚಿದೆ! ಅದು ಅಕ್ಕಿ ತೊಳೆದ ನೀರು ಎಂದು ಈಗ ಗೊತ್ತು. ಆಗ ಕೇಳೋಣವೆಂದರೆ ಮಾತು ಎಲ್ಲಿತ್ತು?

ಹಾಗಾಗಿ ಬೇರೆ ಮನೆಗೆ ಹೋಗುವ ಮುಂಚೆ ಇವರಿಗೆ ರುಜುವಾತು ತೋರಿಸಿಯೇ ಹೋಗಬೇಕು ಎಂದು ಹಟ ಹಿಡಿದೆ. ಒಂದು ಹೊಸ ಕುಂಡ ತಂದು ನಮ್ಮ ಕೋಣೆಯ ಕಿಟಕಿಯಲ್ಲಿಟ್ಟು ನಾನೇ ಕೊತ್ತಂಬರಿ ಹಾಕಿದೆ. ಮೊದಲ ಸಲ ಬೀಜಗಳನ್ನು ಇಡಿಯಾಗಿಯೇ ಹೂತೆ, ಎಷ್ಟು ಕಾದರೂ ತಲೆ ಎತ್ತಲಿಲ್ಲ. ಆಗ ಅತ್ತೆ ಬಾಲ್ಕನಿಯಲ್ಲಿ ನಿಂತು ಪುದೀನಕ್ಕೆ ಹೇಳಿದರು, ಕೊತ್ತಂಬರಿ ಬೀಜವನ್ನು ಚಪ್ಪಲಿಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕಬೇಕು, ಇಲ್ಲದಿದ್ದರೆ ಅದು ಮಲಗಿಯೇ ಇರುತ್ತೆ ಎಂದು. ನಾನು ಕೇಳಿಸಿಕೊಳ್ಳದವಳ ಹಾಗೆ ಒಳಗೆ ಬಂದು ಹಾಗೇ ಮಾಡಿದೆ. ಬಂತು ನೋಡು, ಕುಂಡದ ತುಂಬ! ಕುಡಿಯುವ ನೀರನ್ನೇ ಹಾಕಿ ಬೆಳೆಸಿದೆ. ಯಾರೂ ಮುಟ್ಟದ ಹಾಗೆ ಕಾವಲು ಕಾದೆ. ಅಷ್ಟು ಅಕ್ಕರೆಯಿಂದ ನಿನ್ನ ಅಳಿಯನನ್ನೂ ನೋಡಿಕೊಂಡಿಲ್ಲ.

ಹೋದ ವಾರದ ಹಿಂದಿನ ಶುಕ್ರವಾರ ಸಂಜೆ ಮುಹೂರ್ತವಿಟ್ಟೆ. ಅಂಗಡಿಯಿಂದ ತಂದ ಹೊಸ ಪಾತ್ರೆ, ಬಿಸಿನೀರಲ್ಲಿ ಕುದಿಸಿದ ಚಮಚ, ನನ್ನದೇ ಸೊಪ್ಪು. ಆಲೂಗಡ್ಡೆ, ಕ್ಯಾರೆಟ್ಟು ಬೇಯಿಸಿ ಸೂಪು ಮಾಡಿ, ಇಳಿಸುವ ಹೊತ್ತಿಗೆ ಸೊಪ್ಪು ಹೆಚ್ಚಿ ಉದುರಿಸಿದೆ. ಇವರನ್ನು ಕೂರಿಸಿ, ಈಗ ನೋಡಿ ಶುದ್ಧವಾದ ಅಡುಗೆ ಅಂದರೆ ಏನು ಅಂತ ಎಂದು ಭಾಷಣ ಮಾಡಿ, ಮೊದಲ ಚಮಚ ನಾನೇ ಬಾಯಿಗಿಟ್ಟೆ.

ಸಾಬೂನು, ಅಮ್ಮಾ. ಅದೇ ಸಾಬೂನು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಾಗಾದರೆ ನನ್ನ ಕೈಯಲ್ಲೇ ಇದೆ, ಲಾಂಡ್ರಿಯ ಸಾಬೂನು ನನ್ನ ಚರ್ಮಕ್ಕೇ ಇಳಿದಿದೆ, ಇಷ್ಟು ದಿನ ಎಲ್ಲರಿಗೂ ನಾನೇ ತಿನ್ನಿಸಿದೆ ಎಂದು ಅಲ್ಲೇ ಕೂತು ಗೊಳೋ ಎಂದು ಅತ್ತುಬಿಟ್ಟೆ. ಇವರು ಚಮಚ ಹಿಡಿದು ಪಿಳಿಪಿಳಿ ನೋಡುತ್ತಿದ್ದರು. ಅತ್ತೆ ಒಳಗಿಂದ ಬಂದರು. ನನ್ನನ್ನು ನೋಡಿದರು, ಸೂಪು ನೋಡಿದರು, ಒಂದು ಚಮಚ ತೆಗೆದು ಕುಡಿದರು. ಆಮೇಲೆ ಪುದೀನಕ್ಕಲ್ಲ, ನನಗೇ ಹೇಳಿದರು, “ಚೆನ್ನಾಗೇ ಇದೆಯಲ್ಲೇ, ಉಪ್ಪು ಒಂದು ಚೂರು ಕಡಿಮೆ. ಅಳೋದು ಯಾಕೆ?” ನಾನು ಬಿಕ್ಕುತ್ತಾ, ಸೋಪು ಅಂದೆ. ಎಲ್ಲಿದೆ ಅಂದರು. ಇದರಲ್ಲೇ ಇದೆ, ನನ್ನ ಪಾತ್ರೆಯಲ್ಲೇ ಇದೆ ಅಂದೆ. ಅವರಿಗೆ ನನ್ನ ಮೂತಿಗೆ ತಿವಿಯಲು ಅದಕ್ಕಿಂತ ಒಳ್ಳೆಯ ಸಮಯ ಸಿಕ್ಕುತ್ತಿರಲಿಲ್ಲ. ತಿವಿಯಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿದರು.

ಆಮೇಲೆ ಅವರ ಕ್ಯಾಂಟೀನು ಬುದ್ಧಿ ಎದ್ದಿತು. ಅಡುಗೆ ಕೆಟ್ಟರೆ ಒಂದೊಂದೇ ಸಾಮಾನು ರುಚಿ ನೋಡಬೇಕು ಎಂದು ನನ್ನ ಕಣ್ಣಿಗೆ ಟವೆಲು ಕಟ್ಟಿಸಿದರು. ಇವರು ಒಂದೊಂದಾಗಿ ನನ್ನ ಬಾಯಿಗೆ ಇಡಬೇಕು, ನಾನು ಹೇಳಬೇಕು. ಬರಿ ನೀರು, ನೀರು. ಬೆಂದ ಆಲೂಗಡ್ಡೆ, ಆಲೂಗಡ್ಡೆ. ಪುದೀನ, ತಂಪಾಗಿ ಚೆನ್ನಾಗಿದೆ. ಸಬ್ಬಸಿಗೆ, ಚೆನ್ನಾಗಿದೆ. ಈರುಳ್ಳಿ ಸೊಪ್ಪು, ಚೆನ್ನಾಗಿದೆ. ನನ್ನ ಕುಂಡದ ಕೊತ್ತಂಬರಿ, ಥೂ, ಸಾಬೂನು. ಅತ್ತೆಯ ಹಂಡೆಯ ಕೊತ್ತಂಬರಿ, ಸಾಬೂನು. ಇವರು ಓಡಿ ಹೋಗಿ ಟೀಚರಮ್ಮನ ಮನೆಯಿಂದ ತಂದ ಕೊತ್ತಂಬರಿ, ಸಾಬೂನು. ಇವರು ತಮಾಷೆಗೆ ನಿಜವಾದ ಸಾಬೂನಿನ ಚೂರನ್ನೇ ಇಡಲು ಹೊರಟಿದ್ದರಂತೆ, ಅತ್ತೆ ಕೈಗೆ ಬಾರಿಸಿದ ಸದ್ದು ಕೇಳಿಸಿತು. ಟವೆಲು ಬಿಚ್ಚಿದರೆ ಅತ್ತೆ ಒಂದು ಕೊತ್ತಂಬರಿ ಕಡ್ಡಿಯನ್ನು ಮುಖದ ಮುಂದೆ ಹಿಡಿದು, ಅದೇನೋ ಮೋಸ ಮಾಡಿದವರನ್ನು ನೋಡುವ ಹಾಗೆ ನೋಡುತ್ತಿದ್ದರು.

ಊಟದಲ್ಲಿ ಸಾಬೂನಿಲ್ಲದ ದಿನಗಳು ಯಾವುವು ಎಂದು ಆಗ ಹೊಳೆಯಿತು. ಬಿಸಿಲಿಗೆ ಅತ್ತೆಯ ಕೊತ್ತಂಬರಿ ಬೇಗ ಹೂ ಬಿಟ್ಟು ಮುಗಿದುಹೋಗುತ್ತಿತ್ತು, ಹೊಸದು ಬರುವ ತನಕ ಪುದೀನ ಹಾಕುತ್ತಿದ್ದರು. ನನ್ನ ಮೂರು ನೀರಿನ ಮಹಿಮೆ ಅಷ್ಟೇ.

ಮಾರನೇ ದಿನ ಅತ್ತೆಗೆ ಹೆದರಿಕೆ ಹತ್ತಿತು. ಸೊಸೆಯ ನಾಲಿಗೆಗೆ ಏನೋ ಕಾಯಿಲೆ ಎಂದು ಕೈ ಹಿಡಿದುಕೊಂಡು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಕೈ ಬಿಡಲಿಲ್ಲ. ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಕಾಯಿಲೆಯಲ್ಲವಂತೆ. ಕೆಲವರಿಗೆ ಹುಟ್ಟಿನಿಂದಲೇ ಈ ಒಂದು ಎಲೆ ಸಾಬೂನಿನ ಹಾಗೇ ಇರುತ್ತದಂತೆ, ಬೇರೆಯವರು ಪರಿಮಳ ಎಂದು ಮೂಸುವುದು ಅವರ ಮೂಗಿಗೆ ಹಾಗೆ ಕಾಣುತ್ತದಂತೆ. ಅವರ ತಮ್ಮನಿಗೂ ಹಾಗೇ ಅಂತೆ. ನುಣ್ಣಗೆ ಅರೆದರೆ ಸ್ವಲ್ಪ ಕಡಿಮೆಯಾಗಬಹುದು, ಬೀಜದ ಪುಡಿಯಲ್ಲಿ ಆ ತೊಂದರೆ ಇರುವುದಿಲ್ಲ ಅಂದರು. ಅತ್ತೆ ಒಂದು ದೊಡ್ಡ ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ನನಗೂ ತಲೆ ಮೇಲಿದ್ದ ಮೂಟೆ ಯಾರೋ ಇಳಿಸಿದ ಹಾಗಾಯಿತು. ಹೊರಡುವಾಗ ಡಾಕ್ಟರಮ್ಮ ಸುಮ್ಮನೆ, ಬಾಗಿಲಲ್ಲಿ ಕೇಳುವ ಮಾತಿನ ಹಾಗೆ ಕೇಳಿದರು, “ಇದು ಕೆಲವು ಸಲ ಮನೆತನದಲ್ಲೇ ಬರುತ್ತೆ. ನಿಮ್ಮ ತಾಯಿಗೂ ಹೀಗೇನಾ?”

ಅಮ್ಮಾ, ಮೆಟ್ಟಿಲಿಳಿಯುವುದನ್ನೂ ಮರೆತು ನಿಂತುಬಿಟ್ಟೆ.

ಇಲ್ಲಿ ನೀನು ಕಾಗದ ಕೆಳಗಿಡುತ್ತೀಯ. ಇಡು, ಒಂದು ಲೋಟ ನೀರು ಕುಡಿದು ಬಾ. ಆಮೇಲೆ ಮುಂದಕ್ಕೆ ಓದು, ದಮ್ಮಯ್ಯ.

ನಮ್ಮ ಮನೆಯಲ್ಲಿ ನಾನು ಒಂದು ದಿನವೂ ಕೊತ್ತಂಬರಿ ಸೊಪ್ಪು ಕಂಡವಳಲ್ಲ. ಪುದೀನ ಇತ್ತು, ಸಬ್ಬಸಿಗೆ ಇತ್ತು, ಬಾವಿ ಪಕ್ಕದಲ್ಲಿ ನೀನೇ ಹಾಕಿದ ಈರುಳ್ಳಿ ಇತ್ತು. ಕೊತ್ತಂಬರಿ ಬೀಜ ಕೂಡ ನೀನು ಹುರಿದು ಪುಡಿ ಮಾಡಿ ಡಬ್ಬ ತುಂಬಿಡುತ್ತಿದ್ದೆ. ಸೊಪ್ಪು ಮಾತ್ರ ಯಾಕಿಲ್ಲ ಎಂದರೆ, ಅದು ನಮಗೆ ಆಗಿ ಬರಲ್ಲ, ಅಷ್ಟೇ. ಹೊರಗೆ ಎಲ್ಲಿ ಊಟಕ್ಕೆ ಹೋದರೂ ನಿನ್ನ ಚೀಲದಲ್ಲಿ ನಮ್ಮದೇ ತಟ್ಟೆ, ನಮ್ಮದೇ ಚಮಚ. ನೆಂಟರೆಲ್ಲ ನಿನ್ನನ್ನು ತಟ್ಟೆಯಮ್ಮ ಎಂದು ಕರೆಯುತ್ತಿದ್ದರು. ತಟ್ಟೆ ನಮ್ಮದೇ ಇದ್ದರೂ ಊಟ ಸಾಬೂನು ಅನ್ನಿಸಿದರೆ, ಅಡುಗೆ ಪಾತ್ರೆ ತೊಳೆದಿಲ್ಲ ಎನ್ನುತ್ತಿದ್ದೆ. ನಾನೂ ಹೌದು ಹೌದು ಎನ್ನುತ್ತಿದ್ದೆ, ನನ್ನ ಬಾಯಿಗೂ ಹಾಗೇ ಇರುತ್ತಿತ್ತಲ್ಲ! ಜಗತ್ತಿನಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರೂ ಪಾತ್ರೆ ತೊಳೆಯುವುದಿಲ್ಲ ಎಂದು ನಂಬಿ ಬೆಳೆದೆ. ಅದಕ್ಕೇ ಅತ್ತೆಯ ಮನೆಯ ಮೊದಲ ಚಮಚಕ್ಕೇ ನನ್ನ ತೀರ್ಪು ಸಿದ್ಧವಾಗಿತ್ತು.

ಮತ್ತೆ ಅಪ್ಪ. ತಿಂಗಳಿಗೊಮ್ಮೆ ಅಪ್ಪ ಒಬ್ಬರೇ ಚಿಕ್ಕಪ್ಪನ ಮನೆಗೆ, ಅಜ್ಜಿಯನ್ನು ನೋಡಲು ಹೋಗುತ್ತಿದ್ದರು. ವಾಪಸ್ಸು ಬಂದಾಗ ನೀನು ಹೊಸಲು ದಾಟಲು ಬಿಡದೆ, ಹಿತ್ತಲ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಬನ್ನಿ, ನಿಮ್ಮಮ್ಮನ ಮನೆ ಸೋಪು ಇಲ್ಲಿಗೆ ತರಬೇಡಿ ಎನ್ನುತ್ತಿದ್ದೆ. ಅಪ್ಪ ಹೋಗಿ ಮುಕ್ಕಳಿಸಿ ಬರುತ್ತಿದ್ದರು. ಆ ಮನುಷ್ಯ ಅಜ್ಜಿಯ ಮನೆಗೆ ಹೋದಾಗ ಕೊತ್ತಂಬರಿ ಹಾಕಿದ ಅಡುಗೆಯನ್ನು ಹೊಟ್ಟೆ ಬಿರಿಯ ತಿಂದು ಬರುತ್ತಿದ್ದರು, ಅಷ್ಟೇ ಕಣಮ್ಮ.

ಅಜ್ಜಿಯ ಮನೆ ಬಿಟ್ಟು ಬಂದ ಕಥೆಯನ್ನು ನೀನು ಎಷ್ಟು ಸಲ ಹೇಳಿದ್ದೀಯ. ಹೊಸದಾಗಿ ಬಂದವಳಿಗೆ ಸಾಬೂನು ಅನ್ನ ಇಟ್ಟರು, ಹೇಳಿದ್ದಕ್ಕೆ ನಕ್ಕರು, ನೀನು ಎಲ್ಲರೆದುರು ಪಾತ್ರೆ ಮತ್ತೆ ತೊಳೆದೆ, ಅಜ್ಜಿ ರಂಪ ಮಾಡಿದರು, ಕೊನೆಗೊಂದು ದಿನ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದುಬಿಟ್ಟೆ. ಪ್ರತಿ ಸಲವೂ ಒಂದೇ ಥರ ಹೇಳುತ್ತಿದ್ದೆ, ಒಂದು ಅಕ್ಷರ ಸುಳ್ಳು ಸೇರಿಸದೆ. ನೀನು ಸುಳ್ಳು ಹೇಳಿಲ್ಲ ಎಂದು ಈಗ ಜಗತ್ತಿನಲ್ಲಿ ಬೇರೆ ಯಾರಿಗಿಂತ ಹೆಚ್ಚು ನನಗೇ ಗೊತ್ತು. ಆ ಅನ್ನ ಸಾಬೂನಾಗಿಯೇ ಇತ್ತು. ಆದರೆ ಪಾತ್ರೆ ಚೊಕ್ಕಟವಾಗಿತ್ತು ಅಮ್ಮಾ. ಎರಡೂ ನಿಜ.

ಇದನ್ನು ಫೋನಿನಲ್ಲಿ ಹೇಳಿದ್ದರೆ ಅಜ್ಜಿ ಎಂಬ ಶಬ್ದಕ್ಕೇ ನೀನು ಇಟ್ಟುಬಿಡುತ್ತಿದ್ದೆ. ನಾನು ಹೇಳಿದ್ದನ್ನೂ ನಂಬಬೇಡ. ಲಕೋಟೆಯ ಒಳಗೆ ಒಂದು ಪೊಟ್ಟಣವಿದೆ, ಕೊತ್ತಂಬರಿ ಬೀಜ. ಚಪ್ಪಲಿಯಲ್ಲಿ ಮೆಲ್ಲಗೆ ಉಜ್ಜಿ ಹೋಳು ಮಾಡು, ಪುಡಿ ಮಾಡಬೇಡ. ಒಂದು ರಾತ್ರಿ ನೆನೆಸಿ, ಬಾವಿ ಪಕ್ಕದ ಮಣ್ಣಿನಲ್ಲಿ ಬೆರಳಿನಷ್ಟು ಆಳಕ್ಕೂ ಬೇಡ, ತೆಳ್ಳಗೆ ಮಣ್ಣು ಮುಚ್ಚು. ನೀನೇ ನೀರು ಹಾಕು, ಬಾವಿಯಿಂದ ನೀನೇ ಸೇದಿದ ನೀರು. ಯಾರನ್ನೂ ಹತ್ತಿರ ಬಿಡಬೇಡ, ಅಪ್ಪನನ್ನಂತೂ ಬಿಡಲೇಬೇಡ, ಮೇಯ್ದುಬಿಡುತ್ತಾರೆ. ಅಂಗೈಯಷ್ಟು ಎತ್ತರ ಬಂದ ಮೇಲೆ ಬೇರು ಕೀಳದೆ ಒಂದು ಎಲೆ ಚಿವುಟಿ ಬಾಯಿಗೆ ಹಾಕಿಕೋ. ಸಾಬೂನು ಅನ್ನಿಸದಿದ್ದರೆ ಈ ಕಾಗದವನ್ನು ಒಲೆಗೆ ಹಾಕು, ನಾನು ಮತ್ತೆ ಈ ಮಾತು ಎತ್ತುವುದಿಲ್ಲ. ಅನ್ನಿಸಿದರೆ ಏನು ಮಾಡಬೇಕು ಎಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಅಜ್ಜಿಗೆ ವಯಸ್ಸಾಗಿದೆ ಅಮ್ಮಾ, ನಾನು ಹೇಳುವುದು ಇಷ್ಟೇ.

ಈಗ ನಮ್ಮ ಮನೆ ಹೇಗಿದೆ ಗೊತ್ತಾ? ಅತ್ತೆ ಒಲೆ ಆರಿಸಿದ ಕೂಡಲೇ ನನ್ನ ಪಾಲನ್ನು ಮೊದಲು ಬೇರೆ ತೆಗೆದು, ಪುದೀನವೋ ಸಬ್ಬಸಿಗೆಯೋ ಹೆಚ್ಚಿ ಹಾಕಿ, ತಟ್ಟೆ ಮುಚ್ಚಿಡುತ್ತಾರೆ. ಆಮೇಲೆ ತಮಗೆ ಮತ್ತು ಮಗನಿಗೆ ಕೊತ್ತಂಬರಿ. ಮೀನಿಗೆ ಸಬ್ಬಸಿಗೆ ಹಾಕಿದರೆ ಕೊತ್ತಂಬರಿಗಿಂತ ವಾಸಿ ಎಂದು ಈಗ ಅವರೇ ಒಪ್ಪಿದ್ದಾರೆ. ನನ್ನ ಕುಂಡವನ್ನು ಹಂಡೆಯ ಪಕ್ಕಕ್ಕೇ ಇಟ್ಟಿದ್ದೇವೆ. ಜಗಳ ಪೂರ್ತಿ ನಿಂತಿದೆ ಅಂದುಕೊಳ್ಳಬೇಡ. ಬಾಚಣಿಗೆಯಲ್ಲಿ ಕೂದಲು ಬಿಡುತ್ತೇನೆ, ದೀಪ ಆರಿಸುವುದಿಲ್ಲ, ಬಾಗಿಲು ಧಡಾರ್ ಎಂದು ಹಾಕುತ್ತೇನೆ, ದಿನಕ್ಕೊಂದು ದೂರು ಇದ್ದೇ ಇದೆ. ಆದರೆ ಈಗ ನೇರವಾಗಿ ನನಗೇ ಬೈಯುತ್ತಾರೆ. ಪುದೀನಕ್ಕೆ ಆರಾಮ. ಎಷ್ಟು ಹಗುರ ಅನ್ನಿಸುತ್ತಿದೆ ಎಂದು ಹೇಗೆ ಹೇಳಲಿ! ಇವರು ಮತ್ತೆ ಲಿಫ್ಟಿನೊಳಗೆ ಮೊಳಗುವ ಹಾಡನ್ನು ಗುನುಗಿಕೊಂಡು ಮನೆಗೆ ಬರುತ್ತಿದ್ದಾರೆ. ಕೆಟ್ಟ ರಾಗ, ಆದರೂ ಬರಲಿ.

ಇಲ್ಲಿ ಪಕ್ಕದಲ್ಲಿ ನಲ್ಲಿಯ ಸದ್ದು ಆಗಿನಿಂದ ನಿಂತೇ ಇಲ್ಲ, ಊಟದ ಪಾತ್ರೆ ತೊಳೆಯುವುದು ಇನ್ನೂ ಮುಗಿದಿಲ್ಲ. ನಾನೂ ಎದ್ದು ಕೈ ಹಾಕಬೇಕು. ಆಮೇಲೆ ಹೇಳಬೇಕಾದ ಒಂದು ಮಾತೂ ಇದೆ, ಅದಕ್ಕೆ ಧೈರ್ಯ ಕೂಡಿಸಿಕೊಳ್ಳುತ್ತಿದ್ದೇನೆ. ಅಪ್ಪನಿಗೆ ನನ್ನ ನೆನಪು ಹೇಳು. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಸಿಟ್ಟು ಬಂದಿದ್ದರೆ ಬರಲಿ, ಇಳಿದ ಮೇಲೆ ಬೀಜ ಉಜ್ಜು.

ಇಂತು ಯಾವತ್ತೂ ನಿನ್ನ ಪಕ್ಷದವಳೇ ಆದ,
ನಿನ್ನ ಪಿಟೀಲು

ತಾ.ಕ. ಒಂದು ವಿಷಯ ಮುಚ್ಚಿಟ್ಟೆ. ಈ ಕಾಗದವನ್ನು ನಮ್ಮ ಮನೆಯಲ್ಲಿ ಕೂತು ಬರೆದದ್ದಲ್ಲ. ಚಿಕ್ಕಪ್ಪನ ಮನೆಯ ಅಡುಗೆಮನೆಯಲ್ಲಿ ಕೂತು ಬರೆದೆ. ಕಳಿಸಿದವರು ಅತ್ತೆ. ನಾನಾದರೋ ಕೊಳಕಿ ಅನ್ನಿಸಿಕೊಂಡಿದ್ದು ಒಂದೂವರೆ ವರ್ಷ, ನಿಮ್ಮಜ್ಜಿಗೆ ಇನ್ನೂ ಯಾರೂ ಹೇಳಿಲ್ವಲ್ಲೇ ಎಂದು ಬೆಳಿಗ್ಗೆ ಬಸ್ಸು ಹತ್ತಿಸಿದರು. ಬೀಜವೂ ಅಜ್ಜಿಯ ಡಬ್ಬದ್ದೇ, ಯಾಕೆಂದು ಕೇಳದೆ ಕಟ್ಟಿಕೊಟ್ಟರು. ನಲ್ಲಿಯ ಸದ್ದು ಅವರದು. ಚಿಕ್ಕಮ್ಮ ಹೇಳಿದರು, ನೀನು ಈ ಮನೆ ಬಿಟ್ಟು ಹೋದಾಗಿನಿಂದ ಅಜ್ಜಿ ಒಂದೊಂದು ಪಾತ್ರೆಗೂ ಮೂರು ನೀರು ಹಾಕುತ್ತಾರಂತೆ, ಬೇರೆ ಯಾರಿಗೂ ತೊಳೆಯಲು ಬಿಡುವುದಿಲ್ಲವಂತೆ. ಬೆರಳುಗಳ ಸಂದಿ ಒಡೆದಿದೆ. ಸಹಿ ಹಾಕಿದ ಮೇಲೆ ಹೋಗಿ ಎಲ್ಲ ಹೇಳಿದೆ. ಕೈ ಒರೆಸಿಕೊಳ್ಳುವುದನ್ನೂ ಮರೆತು ನಿಂತು, “ಹಾಗಾದ್ರೆ ನನ್ನ ಪಾತ್ರೆ ಚೊಕ್ಕಟವಾಗೇ ಇತ್ತಾ ಮಗಾ?” ಎಂದು ಕೇಳಿದರು. ಇತ್ತು ಅಜ್ಜಿ ಅಂದೆ. ಅದನ್ನ ಅವ್ಳು ಬಂದು ಹೇಳ್ಲಿ, ಅವ್ಳ ಪಾಲು ಮೊದಲೇ ತೆಗೆದಿಡ್ತೀನಿ ಅಂದರು. ಆಮೇಲೆ ನಾನು ನೀರು ಕುಡಿದ ಲೋಟ ಎತ್ತಿಕೊಂಡು ನಲ್ಲಿಗೆ ಹಿಡಿದರು. ಒಂದು ನೀರು ಹಾಕಿದರು, ಎರಡು ನೀರು ಹಾಕಿದರು, ನಲ್ಲಿ ನಿಲ್ಲಿಸಿ ಲೋಟವನ್ನು ಬೋರಲು ಹಾಕಿದರು.